ಕಬ್ಬಿನ ಟ್ರೇಲರಿನ ಹಿಂಬೆಳಕು ಮತ್ತು ಬ್ರೇಕು: ರೈತ ಕುಟುಂಬಗಳು ಅರಿತಿರಬೇಕಾದ ಏಳು ತಂತಿಗಳ ಲೆಕ್ಕ

ದೀಪಾವಳಿಯ ಆಚೀಚೆ ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಸೋಲಾಪುರ ಜಿಲ್ಲೆಯ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಭೀಮಾ ತೀರದ ಕಬ್ಬು, ಬೋರಿ ನದಿಯ ಕುರನೂರು ಜಲಾಶಯದ ಆಶ್ರಯದಲ್ಲಿ ಬೆಳೆದ ಕಬ್ಬು, ಬಾವಿ ಮತ್ತು ಕೊಳವೆಬಾವಿಗಳ ನೀರುಂಡ ಕಬ್ಬು ಎಲ್ಲವೂ ಟ್ರ್ಯಾಕ್ಟರುಗಳ ಹಿಂದೆ ಕಾರಖಾನೆಯತ್ತ ಸಾಗುತ್ತವೆ. ಅಕ್ಕಲಕೋಟೆಯಿಂದ ವಳಸಂಗ, ಕುಂಭಾರಿಯ ಮೇಲೆ ಸೋಲಾಪುರಕ್ಕೆ ಹೋಗುವ ರಸ್ತೆಯಲ್ಲಾಗಲಿ, ಮೈಂದರ್ಗಿ, ದುಧನಿಯ ಕಡೆಗೆ ಹೋಗುವ ರಸ್ತೆಯಲ್ಲಾಗಲಿ, ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳನ್ನು ಕಾಣದ ದಿನವಿಲ್ಲ. ಇದೇ ರಸ್ತೆಗಳ ಅಂಚಿನಲ್ಲಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ನಡೆದು, ಸೈಕಲ್ ತುಳಿದು, ಅಪ್ಪನ ಬೈಕಿನ ಹಿಂದೆ ಕುಳಿತು ಮನೆಗೆ ಮರಳುತ್ತಾರೆ. ಡಿಸೆಂಬರಿನಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಶಾಲೆ ಬಿಟ್ಟು, ಆಟ ಮುಗಿಸಿ, ಅಥವಾ ಟ್ಯೂಷನ್ ಮುಗಿಸಿ ಹೊರಡುವ ಹೊತ್ತಿಗೆ ಮಬ್ಬು ಕವಿದಿರುತ್ತದೆ.

ಆ ಮಬ್ಬಿನಲ್ಲಿ ಹಿಂದೀಪವಿಲ್ಲದ ಟ್ರೇಲರು ಎಂದರೆ ರಸ್ತೆಯ ನಡುವೆ ನಿಂತ ಕಪ್ಪು ಗೋಡೆ. ಟ್ರ್ಯಾಕ್ಟರಿಗೆ ದೀಪಗಳಿರುತ್ತವೆ, ಆದರೆ ಅದರ ಹಿಂದೀಪಗಳನ್ನು ಟ್ರೇಲರು ಮತ್ತು ಅದರ ಮೇಲೆ ಒಟ್ಟಿದ ಕಬ್ಬು ಪೂರ್ತಿಯಾಗಿ ಮರೆಮಾಡುತ್ತವೆ. ಆದ್ದರಿಂದ ಟ್ರ್ಯಾಕ್ಟರಿನ ಬೆಳಕನ್ನು ಟ್ರೇಲರಿನ ಬೆನ್ನಿಗೆ ತಂತಿಗಳ ಮೂಲಕ ಒಯ್ಯಲೇಬೇಕು. ಈ ಕೆಲಸ ಹೇಗೆ ನಡೆಯುತ್ತದೆ, ಅದು ಏಕೆ ಪದೇಪದೇ ಕೆಡುತ್ತದೆ, ಟ್ರೇಲರಿಗೆ ಬ್ರೇಕು ಏಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸುತ್ತೇವೆ. ಟ್ರ್ಯಾಕ್ಟರು ಇರುವ ಮನೆಯವರಿಗೆ ಇದು ನೇರವಾಗಿ ಬಳಕೆಗೆ ಬರುತ್ತದೆ. ಇಲ್ಲದವರಿಗೂ, ತಮ್ಮ ಹೊಲದ ಕಬ್ಬನ್ನು ಯಾರ ವಾಹನದಲ್ಲಿ ಕಳುಹಿಸುತ್ತಿದ್ದೇವೆ ಎಂದು ನೋಡಿಕೊಳ್ಳಲು ನೆರವಾಗುತ್ತದೆ.

ಕಾಣುವ ದೂರ, ನಿಲ್ಲುವ ದೂರ

ಮೊದಲು ಒಂದು ಸರಳ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಇದೆ ಎಂದು ಕಂಡು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 25 ಮೀಟರ್ ಕಳೆದುಹೋಗುತ್ತದೆ. ನಂತರ ಚೆನ್ನಾಗಿ ಬ್ರೇಕು ಹಿಡಿದರೂ ನಿಲ್ಲಲು ಮತ್ತೆ ಸುಮಾರು 28 ಮೀಟರ್ ಬೇಕು. ಒಟ್ಟು 53 ಮೀಟರ್. ತಗ್ಗಿಸಿದ ಹೆಡ್‌ಲೈಟಿನಲ್ಲಿ ಬಣ್ಣಗೆಟ್ಟ, ಧೂಳು ಹಿಡಿದ ಟ್ರೇಲರು ಕಾಣುವುದು ಹೆಚ್ಚೆಂದರೆ ಮೂವತ್ತು ನಲವತ್ತು ಮೀಟರ್ ದೂರದಿಂದ. ಎದುರಿನಿಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ ಅಷ್ಟೂ ಕಾಣದು. ಹೀಗಾಗಿ ಕಂಡ ಮೇಲೆ ನಿಲ್ಲಿಸುತ್ತೇನೆ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಉರಿಯುವ ಎರಡು ಕೆಂಪು ದೀಪಗಳಾದರೋ ನೂರಾರು ಮೀಟರ್ ದೂರದಿಂದಲೇ ಕಾಣುತ್ತವೆ; ಅವುಗಳ ನಡುವಿನ ಅಂತರ ಹಿಂದಿನಿಂದ ಬರುವವನಿಗೆ ವಾಹನದ ಅಗಲವನ್ನೂ ಹೇಳುತ್ತದೆ.

ಮೋಟಾರು ವಾಹನ ಕಾಯ್ದೆ 1988 ಟ್ರೇಲರನ್ನು ಟ್ರ್ಯಾಕ್ಟರಿನ ಒಂದು ಭಾಗವೆಂದು ಎಣಿಸದೆ, ಬೇರೊಂದು ವಾಹನವೆಂದೇ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ನೋಂದಣಿ ಇರುತ್ತದೆ. ದೀಪಗಳು ಮತ್ತು ಪ್ರತಿಫಲಕಗಳ ವಿಷಯವನ್ನು ಕೇಂದ್ರ ಮೋಟಾರು ವಾಹನ ನಿಯಮಗಳು 1989 ಹೇಳುತ್ತವೆ. ಆದರೆ ನಮ್ಮ ಭಾಗದಲ್ಲಿ ಟ್ರೇಲರಿನ ಗಾಲಿ, ಪಾಟಾ, ಹುಕ್ಕುಗಳಿಗೆ ಕೊಡುವ ಗಮನದ ಹತ್ತನೆಯ ಒಂದು ಪಾಲನ್ನೂ ಅದರ ದೀಪಗಳಿಗೆ ಕೊಡುವುದಿಲ್ಲ ಎಂಬುದು ಹಂಗಾಮಿನ ಯಾವ ರಾತ್ರಿ ರಸ್ತೆಗಿಳಿದರೂ ಕಾಣುವ ಸಂಗತಿ.

ಏಳು ಪಿನ್ನಿನ ಸಾಕೆಟ್

ಇಂದಿನ ಅನೇಕ ಟ್ರ್ಯಾಕ್ಟರುಗಳ ಹಿಂಭಾಗದಲ್ಲಿ, ಹುಕ್ಕಿನ ಮೇಲ್ಗಡೆ, ಮುಚ್ಚಳವಿರುವ ಒಂದು ದುಂಡನೆಯ ಸಾಕೆಟ್ ಇರುತ್ತದೆ. ಅದರೊಳಗೆ ಏಳು ಪಿನ್ನುಗಳು. ಅನೇಕರು ಅದರ ಮುಚ್ಚಳವನ್ನು ಒಮ್ಮೆಯೂ ತೆರೆದಿರುವುದಿಲ್ಲ. ಟ್ರೇಲರಿನ ದೀಪಗಳಿಗಾಗಿಯೇ ಕೊಟ್ಟಿರುವ ಬಾಗಿಲು ಅದು. 12 ವೋಲ್ಟಿನ ವಾಹನಗಳಿಗೆ ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಕ್ರಮದಲ್ಲಿ ಆ ಏಳು ಪಿನ್ನುಗಳ ಹಂಚಿಕೆ ಹೀಗಿದೆ. ಸೋಲಾಪುರದ ಗ್ಯಾರೇಜುಗಳಲ್ಲಿ ವೈರ್‌ಮನ್‌ಗಳು ಮರಾಠಿಯಲ್ಲಿ ಮಾತನಾಡುವುದರಿಂದ ಬಣ್ಣಗಳ ಮರಾಠಿ ಹೆಸರುಗಳನ್ನೂ ಜೊತೆಗೆ ಕೊಟ್ಟಿದ್ದೇವೆ.

1ನೇ ಪಿನ್: ಎಡ ಇಂಡಿಕೇಟರ್. ತಂತಿ ಹಳದಿ (ಪಿವಳಾ).
2ನೇ ಪಿನ್: ಹಿಂದಿನ ಮಂಜುದೀಪ. ತಂತಿ ನೀಲಿ (ನಿಳಾ). ನಮ್ಮಲ್ಲಿ ಇದು ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ.
3ನೇ ಪಿನ್: ಅರ್ಥ್, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ತಂತಿ ಬಿಳಿ (ಪಾಂಢರಾ).
4ನೇ ಪಿನ್: ಬಲ ಇಂಡಿಕೇಟರ್. ತಂತಿ ಹಸಿರು (ಹಿರವಾ).
5ನೇ ಪಿನ್: ಬಲಗಡೆಯ ಹಿಂದೀಪ. ತಂತಿ ಕಂದು (ತಪಕಿರಿ).
6ನೇ ಪಿನ್: ಬ್ರೇಕು ಒತ್ತಿದಾಗ ಉರಿಯುವ ದೀಪಗಳು. ತಂತಿ ಕೆಂಪು (ಲಾಲ್).
7ನೇ ಪಿನ್: ಎಡಗಡೆಯ ಹಿಂದೀಪ. ತಂತಿ ಕಪ್ಪು (ಕಾಳಾ).

ಪಿನ್ನುಗಳ ಪಕ್ಕದಲ್ಲಿ ಈ ಅಂಕಿಗಳನ್ನು ಪ್ಲಾಸ್ಟಿಕ್ಕಿನ ಮೇಲೆಯೇ ಸಣ್ಣದಾಗಿ ಕೊರೆದಿರುತ್ತಾರೆ. ಹಿಂದೀಪಕ್ಕೆ ಎಡ, ಬಲ ಎಂದು ಎರಡು ಬೇರೆ ತಂತಿಗಳನ್ನು ಕೊಟ್ಟಿರುವುದಕ್ಕೆ ಕಾರಣವಿದೆ. ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇದ್ದರೆ, ಒಂದು ಕಡೆಯ ತಂತಿ ತುಂಡಾಗಿ ಫ್ಯೂಸ್ ಹೋದರೂ ಇನ್ನೊಂದು ಕಡೆಯ ದೀಪ ಉರಿಯುತ್ತಲೇ ಇರುತ್ತದೆ. ವಾಹನ ಪೂರ್ತಿ ಕತ್ತಲಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ಮೊಬೈಲಿನಲ್ಲಿ ಟ್ರೇಲರ್ ವೈರಿಂಗ್ ಎಂದು ಹುಡುಕಿದರೆ ಮೊದಲು ಬರುವುದು ಅಮೆರಿಕದಲ್ಲಿ ಕಾರಿನ ಹಿಂದೆ ದೋಣಿ ಎಳೆಯುವವರ ವಿಡಿಯೋಗಳು. ಅಲ್ಲಿನ ನಾಲ್ಕು ತಂತಿಯ ಚಪ್ಪಟೆ ಜೋಡಣೆಯಲ್ಲಿ ಬಿಳಿ ಅರ್ಥ್ ಆಗಿರುತ್ತದೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಅಲ್ಲಿಯವರೆಗೆ ಎಲ್ಲವೂ ಒಂದೇ. ಆದರೆ ಅಲ್ಲಿ ಕಂದು ತಂತಿ ಎರಡೂ ಹಿಂದೀಪಗಳನ್ನು ಉರಿಸುತ್ತದೆ, ಮತ್ತು ಬ್ರೇಕು ದೀಪಕ್ಕೆ ಬೇರೆ ತಂತಿಯೇ ಇರುವುದಿಲ್ಲ. ಇಂಡಿಕೇಟರಿನ ತಂತಿಯಲ್ಲಿಯೇ ಬ್ರೇಕಿನ ಬೆಳಕೂ ಬರುತ್ತದೆ. ಅದನ್ನು ನೋಡಿ ನಮ್ಮ ಟ್ರ್ಯಾಕ್ಟರಿಗೆ ಜೋಡಿಸಿದರೆ ಬ್ರೇಕು ದೀಪ ಉರಿಯುವುದೇ ಇಲ್ಲ, ಅಥವಾ ಒಂದೇ ಕಡೆ ಹಿಂದೀಪ ಬರುತ್ತದೆ. ಆದ್ದರಿಂದ ಬಣ್ಣವನ್ನು ನಂಬುವುದಕ್ಕಿಂತ ಪಿನ್ನಿನ ಅಂಕಿಯನ್ನು ನಂಬುವುದು, ಅದಕ್ಕಿಂತಲೂ ಟೆಸ್ಟ್ ಲ್ಯಾಂಪ್ ಹಿಡಿದು ಪ್ರತಿಯೊಂದು ಪಿನ್ನನ್ನು ಪರೀಕ್ಷಿಸುವುದು ಉತ್ತಮ.

ಬೆಳಕು ಮಂಕಾಗುವುದೇಕೆ?

ದೀಪ ಹಾಕಿಸಿದ್ದೇವೆ, ಆದರೆ ಮಿಣುಕುಹುಳದಂತೆ ಉರಿಯುತ್ತದೆ ಎಂಬ ದೂರು ಸಾಮಾನ್ಯ. ಬಲ್ಬು ಕಳಪೆ ಎಂದು ಬಲ್ಬು ಬದಲಿಸುತ್ತಾರೆ, ದೋಷ ತಂತಿಯಲ್ಲಿರುತ್ತದೆ. ಶಾಲೆಯಲ್ಲಿ ಮಕ್ಕಳು ಕಲಿಯುವ ಓಮ್‌ನ ನಿಯಮವೇ ಇಲ್ಲಿ ಉತ್ತರ ಕೊಡುತ್ತದೆ.

ಬ್ರೇಕು ದೀಪದ ಸಾಮಾನ್ಯ ಬಲ್ಬು 21 ವ್ಯಾಟಿನದು. 12 ವೋಲ್ಟಿನಲ್ಲಿ ಅದು 1.75 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಎರಡು ಬಲ್ಬುಗಳಿಗೆ 3.5 ಆಂಪಿಯರ್. ತಾಮ್ರದ ತಂತಿಯ ಅಡ್ಡಕೊಯ್ತ 1 ಚದರ ಮಿಲಿಮೀಟರ್ ಇದ್ದರೆ ಒಂದು ಮೀಟರಿಗೆ ಸುಮಾರು 0.0175 ಓಮ್ ರೋಧವಿರುತ್ತದೆ. ತಂತಿ ತೆಳುವಾದಷ್ಟೂ ರೋಧ ಹೆಚ್ಚು. ಬ್ಯಾಟರಿಯಿಂದ ಟ್ರೇಲರಿನ ಬೆನ್ನಿಗೆ 10 ಮೀಟರ್ ದೂರ ಎಂದುಕೊಳ್ಳೋಣ. ಹೋಗುವ ದಾರಿ 10, ಬರುವ ದಾರಿ 10, ಒಟ್ಟು 20 ಮೀಟರ್. ಅಗ್ಗವೆಂದು ಅರ್ಧ ಚದರ ಮಿಲಿಮೀಟರಿನ ತಂತಿ ಎಳೆದರೆ ಒಟ್ಟು ರೋಧ 0.7 ಓಮ್ ಆಗುತ್ತದೆ. ಎರಡು ವೋಲ್ಟಿಗಿಂತ ಹೆಚ್ಚು ತಂತಿಯಲ್ಲಿಯೇ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವುದು 10 ವೋಲ್ಟಿನ ಆಸುಪಾಸು.

ಆರರಲ್ಲಿ ಒಂದು ಪಾಲು ವೋಲ್ಟ್ ಹೋದರೆ ಆರರಲ್ಲಿ ಒಂದು ಪಾಲು ಬೆಳಕು ಹೋಗುತ್ತದೆಂದು ಭಾವಿಸಬಾರದು. ತಂತು ಕಾಯುವ ಬಲ್ಬಿನಲ್ಲಿ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. 12ರ ಬದಲು 10 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಅದೇ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಒಂದು ವೋಲ್ಟಿಗಿಂತ ಕಡಿಮೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳಕು ಉಳಿಯುತ್ತದೆ. ಬಿಳಿ ತಂತಿಯಲ್ಲಿ ಎಲ್ಲ ದೀಪಗಳ ವಿದ್ಯುತ್ತೂ ಒಟ್ಟಾಗಿ ಮರಳುವುದರಿಂದ ಅದನ್ನು 2.5 ಚದರ ಮಿಲಿಮೀಟರಿನದಾಗಿ ಇಡುವುದು ಒಳ್ಳೆಯದು. ಹಿಂದೆ ಎರಡನೆಯ ಟ್ರೇಲರಿದ್ದರೆ ದೂರವೂ ಹೆಚ್ಚು, ಭಾರವೂ ಇಮ್ಮಡಿ. ಆಗ ಒಂದೊಂದು ತಂತಿಯೂ ದಪ್ಪವಿರಬೇಕು. ಕಡಿಮೆ ವಿದ್ಯುತ್ತಿನಲ್ಲಿ ಉರಿಯುವ ಎಲ್‌ಇಡಿ ದೀಪಗಳನ್ನು ಹಾಕಿಸಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಕೆಲವು ಫ್ಲ್ಯಾಶರುಗಳು ಎಲ್‌ಇಡಿಯ ಅಲ್ಪ ಭಾರವನ್ನು ಕಂಡು ಬಲ್ಬು ಸುಟ್ಟಿದೆಯೆಂದು ತಿಳಿದು ಇಂಡಿಕೇಟರನ್ನು ಬೇಗಬೇಗ ಮಿಣುಕಿಸುತ್ತವೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರನ್ನು ಕೇಳಿ ಹಾಕಿಸಬೇಕು.

ಇನ್ನೊಂದು ಮಾತು. ಟ್ರ್ಯಾಕ್ಟರಿನ ಬ್ರೇಕು ಸ್ವಿಚ್ಚನ್ನು ಅದರ ಸ್ವಂತ ದೀಪಗಳಿಗೆಂದು ಮಾಡಿರುತ್ತಾರೆ. ಎರಡು ಟ್ರೇಲರುಗಳ ನಾಲ್ಕು ಬಲ್ಬುಗಳನ್ನು ಅದಕ್ಕೇ ತಗುಲಿಸಿದರೆ ಹೆಚ್ಚಿನ 7 ಆಂಪಿಯರ್ ಅದರ ಮೂಲಕ ಹರಿದು ಸ್ವಿಚ್ಚು ಸುಡುತ್ತದೆ. ಇದಕ್ಕೆ ರಿಲೇ ಎಂಬ ಸಣ್ಣ ಡಬ್ಬಿಯೇ ಪರಿಹಾರ. ರಿಲೇಯ 30 ಎಂಬ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ದಾಟಿದ ತಂತಿ, 87ಕ್ಕೆ ಟ್ರೇಲರಿನ ಬ್ರೇಕು ದೀಪದ ತಂತಿ, 86ಕ್ಕೆ ಟ್ರ್ಯಾಕ್ಟರಿನ ಬ್ರೇಕು ದೀಪದಿಂದ ಬಂದ ತಂತಿ, 85ಕ್ಕೆ ಅರ್ಥ್. ಆಗ ಸ್ವಿಚ್ಚು ರಿಲೇಗೆ ಆಜ್ಞೆ ಮಾತ್ರ ಕೊಡುತ್ತದೆ. ಭಾರವನ್ನು ರಿಲೇ ಹೊರುತ್ತದೆ.

ಬಿಳಿ ತಂತಿಯ ಮಹತ್ವ

ಕೆಟ್ಟ ಟ್ರೇಲರ್ ದೀಪವನ್ನು ದುರಸ್ತಿಗೆ ತಂದಾಗ ಅನುಭವಿ ವೈರ್‌ಮನ್ ಮೊದಲು ಕೈಹಾಕುವುದು ಅರ್ಥಿಗೆ. ಬಿಳಿ ತಂತಿ ಎಳೆಯುವ ಬದಲು, ಟ್ರೇಲರಿನ ಕಬ್ಬಿಣವೇ ಹುಕ್ಕಿನ ಮೂಲಕ ಟ್ರ್ಯಾಕ್ಟರಿಗೆ ತಾಗಿದೆಯಲ್ಲ ಎಂದು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ಹುಕ್ಕಿನ ಪಿನ್ನು ತುಕ್ಕು, ಗ್ರೀಸು, ಧೂಳಿನಿಂದ ತುಂಬಿರುತ್ತದೆ, ಓಡುವಾಗ ಕುಲುಕುತ್ತದೆ. ಅದರ ಮೂಲಕ ವಿದ್ಯುತ್ತು ಒಮ್ಮೆ ಮರಳುತ್ತದೆ, ಒಮ್ಮೆ ಮರಳುವುದಿಲ್ಲ. ಮರಳುವ ದಾರಿ ಮುಚ್ಚಿದಾಗ ವಿದ್ಯುತ್ತು ಬೇರೆ ಬಲ್ಬುಗಳ ಮೂಲಕ ದಾರಿ ಹುಡುಕುತ್ತದೆ. ಬ್ರೇಕು ಒತ್ತಿದರೆ ಇಂಡಿಕೇಟರ್ ಮಸುಕಾಗಿ ಹೊತ್ತುವುದು, ಇಂಡಿಕೇಟರ್ ಹಾಕಿದರೆ ಹಿಂದೀಪ ಮಿಣುಕುವುದು ಮುಂತಾದ ವಿಚಿತ್ರಗಳು ಕಂಡರೆ ಬೇರೆಲ್ಲಿಯೂ ಹುಡುಕದೆ ಬಿಳಿ ತಂತಿಯನ್ನು ನೋಡಬೇಕು. ಅದನ್ನು ಪ್ರತಿಯೊಂದು ದೀಪದವರೆಗೂ ಎಳೆದು, ಬಣ್ಣ ಕೆರೆದ ಹೊಳೆಯುವ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು.

ಉಳಿದ ದೋಷಗಳನ್ನೂ ಲಕ್ಷಣ ನೋಡಿಯೇ ಗುರುತಿಸಬಹುದು. ಎಡಕ್ಕೆ ಹಾಕಿದರೆ ಬಲ ಮಿಣುಕಿದರೆ 1 ಮತ್ತು 4ನೇ ಪಿನ್ನುಗಳು ಅದಲುಬದಲಾಗಿವೆ. ಒಂದೇ ಕಡೆ ಹಿಂದೀಪ ಇಲ್ಲದಿದ್ದರೆ ಆ ಕಡೆಯ ಬಲ್ಬು, ನಂತರ 5 ಅಥವಾ 7ನೇ ಪಿನ್ನು ನೋಡಬೇಕು. ಪ್ಲಗ್ ಚುಚ್ಚಿದ ಕೂಡಲೇ ಫ್ಯೂಸ್ ಹೋದರೆ ತಂತಿಯ ಹೊದಿಕೆ ಎಲ್ಲಿಯೋ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತಿದೆ. ಹೆಚ್ಚಾಗಿ ಅದು ಹುಕ್ಕಿನ ಬಳಿ, ತಿರುವಿನಲ್ಲಿ ತಂತಿ ಉಜ್ಜುವ ಜಾಗದಲ್ಲಿರುತ್ತದೆ. ಹಿಂದೀಪ ಕಣ್ಣು ಕುಕ್ಕುವಂತಿದ್ದು ಬ್ರೇಕು ದೀಪ ಮಂಕಾಗಿದ್ದರೆ, 21 ಮತ್ತು 5 ವ್ಯಾಟಿನ ಎರಡು ತಂತುಗಳಿರುವ ಬಲ್ಬನ್ನು ತಿರುವುಮುರುವಾಗಿ ಒತ್ತಾಯದಿಂದ ಕೂರಿಸಿದ್ದಾರೆ, ಅಥವಾ ಎರಡು ತಂತಿಗಳು ಅದಲುಬದಲಾಗಿವೆ. ಆ ಬಲ್ಬಿನ ಎರಡು ಸಣ್ಣ ಮೊಳೆಗಳು ಸಮ ಎತ್ತರದಲ್ಲಿ ಇಲ್ಲದಿರುವುದು ತಪ್ಪಾಗಿ ಕೂರದಿರಲೆಂದೇ. ಫ್ಯೂಸ್ ಹೋದಾಗ ಅದರ ಜಾಗದಲ್ಲಿ ತಂತಿಯ ತುಂಡನ್ನು ಸುತ್ತುವುದು ಬೆಂಕಿಗೆ ಆಹ್ವಾನ. ಹಿಂದೆ ಇರುವುದು ಒಣ ರವದಿ ಎಂಬುದನ್ನು ಮರೆಯಬಾರದು.

ಕಬ್ಬಿಗೆ ತಕ್ಕ ದೀಪ

ಕಬ್ಬಿನ ಟ್ರೇಲರಿನ ದೀಪ ಉಳಿಯದಿರುವುದಕ್ಕೆ ತಂತಿಯಷ್ಟೇ ಕಾರಣವಲ್ಲ. ಕಬ್ಬಿನ ತುದಿಗಳು ಹಿಂದಕ್ಕೆ ಚಾಚಿ ದೀಪವನ್ನು ಮುಚ್ಚುತ್ತವೆ. ಕಾರಖಾನೆಯ ಅಂಗಳದಲ್ಲಿ ಕಬ್ಬು ಇಳಿಸುವಾಗ ದೀಪ ಪುಡಿಯಾಗುತ್ತದೆ. ಹಿಂದಿನ ಟ್ರೇಲರಿನ ತೋಳು ಬಡಿದು ಒಡೆಯುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಒಂದು, ದೀಪವನ್ನು ಚೌಕಟ್ಟಿನ ಒಳಕ್ಕೆ ಸರಿಸಿ ಸುತ್ತ ಕಬ್ಬಿಣದ ಪಟ್ಟಿಯ ರಕ್ಷಣೆ ಕೊಡುವುದು, ತಂತಿಯನ್ನು ಟ್ರೇಲರಿನ ಹೊಟ್ಟೆಯ ಕೆಳಗೆ ಪೈಪಿನಲ್ಲಿ ಒಯ್ಯುವುದು. ಇನ್ನೊಂದು, ಬಿಡಿಸಿ ತೆಗೆಯಬಹುದಾದ ದೀಪದ ಹಲಗೆ. ಒಂದು ಹಲಗೆಯ ಮೇಲೆ ಎರಡು ಹಿಂದೀಪ, ಎರಡು ಬ್ರೇಕು ದೀಪ, ಎರಡು ಇಂಡಿಕೇಟರ್, ಎರಡು ಕೆಂಪು ಪ್ರತಿಫಲಕಗಳನ್ನು ಕೂರಿಸಿ ಉದ್ದ ತಂತಿಯ ತುದಿಗೆ ಏಳು ಪಿನ್ನಿನ ಪ್ಲಗ್ ಹಾಕುವುದು. ಕಬ್ಬು ಕಟ್ಟಿದ ಮೇಲೆ ಅದನ್ನು ಹೊರೆಯ ಕಡೆಯ ತುದಿಗೆ ತೂಗಿ ಬಿಗಿಯುವುದು; ಇಳಿಸುವ ಮುನ್ನ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಇಟ್ಟುಕೊಳ್ಳುವುದು. ಯುರೋಪಿನ ರೈತರು ಇಂತಹ ಹಲಗೆಗಳನ್ನು ಬಹುಕಾಲದಿಂದ ಬಳಸುತ್ತಾರೆ. ಎರಡು ಟ್ರೇಲರಿದ್ದರೂ ಒಂದೇ ಹಲಗೆ ಕೊನೆಯದಕ್ಕೆ ಸಾಕಾಗುತ್ತದೆ. ಮೊದಲ ಟ್ರೇಲರಿನ ಉದ್ದಕ್ಕೂ ಒಂದು ತಂತಿ ಮತ್ತು ಅದರ ಬೆನ್ನಿಗೆ ಒಂದು ಸಾಕೆಟ್ ಇದ್ದರಾಯಿತು.

ವಿದ್ಯುತ್ತು ಕೈಕೊಟ್ಟರೂ ಕೆಲಸ ಮಾಡುವುದು ಪ್ರತಿಫಲಕ. ಹಿಂದೆ ಕೆಂಪು, ಮುಂದೆ ಬಿಳಿ. ಎತ್ತಿನ ಗಾಡಿಗಳಿಗೆ ಇದೊಂದೇ ರಕ್ಷಣೆ. ಅಂಟಿಸಿದರೆ ಮುಗಿಯಿತೆಂದಲ್ಲ, ಪ್ರತಿ ಖೇಪಿನ ನಂತರ ಅದರ ಮೇಲಿನ ಕೆಸರು, ಧೂಳನ್ನು ಒರೆಸದಿದ್ದರೆ ಅದು ಇದ್ದೂ ಇಲ್ಲದಂತೆ.

ನೂಕುವ ಭಾರಕ್ಕೆ ಬ್ರೇಕು

ಬೆಳಕು ಹಿಂದಿನವರನ್ನು ಕಾಯುತ್ತದೆ, ಬ್ರೇಕು ಮುಂದಿನವರನ್ನು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಟ್ರ್ಯಾಕ್ಟರಿನ ತೂಕ 2 ಟನ್, ಕಬ್ಬು ತುಂಬಿದ ಟ್ರೇಲರಿನ ತೂಕ 10 ಟನ್. ಟ್ರೇಲರಿಗೆ ಬ್ರೇಕು ಇಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಟ್ರ್ಯಾಕ್ಟರು ಒಂಟಿಯಾಗಿ 4 ಮೀಟರಿನೊಳಗೆ ನಿಲ್ಲುತ್ತದೆ ಎಂದುಕೊಂಡರೆ, ಅದೇ ಬ್ರೇಕಿನ ಬಲ ಈಗ ಆರು ಪಟ್ಟು ತೂಕವನ್ನು ನಿಲ್ಲಿಸಬೇಕು. ದೂರವೂ ಆರು ಪಟ್ಟು, ಅಂದರೆ 23 ಮೀಟರಿನಷ್ಟಾಗುತ್ತದೆ. ಶಾಲೆಯ ಮುಂದೆ ಮಗುವೊಂದು ರಸ್ತೆ ದಾಟಲು ಓಡಿದರೆ ಈ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ. ಇಳಿಜಾರಿನಲ್ಲಿ, ಹಸಿ ಮಣ್ಣಿನಲ್ಲಿ ಹಿಂದಿನ ಭಾರ ಟ್ರ್ಯಾಕ್ಟರನ್ನು ಓರೆಯಾಗಿ ನೂಕಿ ಮಡಚಿ ಹಾಕುತ್ತದೆ.

ಈ ನೂಕುವ ಬಲವನ್ನೇ ಬ್ರೇಕಾಗಿ ಬಳಸುವ ಉಪಾಯವೊಂದಿದೆ. ಅದಕ್ಕೆ ಓವರ್‌ರನ್ ಬ್ರೇಕು ಎನ್ನುತ್ತಾರೆ; ಅಮೆರಿಕದಲ್ಲಿ ಸರ್ಜ್ ಬ್ರೇಕು. ಟ್ರೇಲರಿನ ಮುಂದಿನ ತೋಳು ಎರಡು ಭಾಗಗಳಲ್ಲಿದ್ದು ಒಂದು ಇನ್ನೊಂದರೊಳಗೆ ಸ್ವಲ್ಪ ಸರಿಯುವಂತೆ ಇರುತ್ತದೆ. ಮುಂದಿನ ವಾಹನ ಬ್ರೇಕು ಹಿಡಿದಾಗ ಟ್ರೇಲರು ಜಡತ್ವದಿಂದ ಮುಂದಕ್ಕೆ ನುಗ್ಗುತ್ತದೆ. ತೋಳು ಒಳಸರಿಯುತ್ತದೆ. ಆ ಸರಿತ ಒಂದು ಮಾಸ್ಟರ್ ಸಿಲಿಂಡರನ್ನು ಒತ್ತಿ, ಎಣ್ಣೆಯ ಒತ್ತಡದಿಂದ ಟ್ರೇಲರಿನ ಗಾಲಿಗಳಿಗೆ ಬ್ರೇಕು ಹಿಡಿಯುತ್ತದೆ. ಕೆಲವದರಲ್ಲಿ ಎಣ್ಣೆಯ ಬದಲು ಸರಳು ಅಥವಾ ಕೇಬಲ್ ಇರುತ್ತದೆ. ಹೆಚ್ಚು ನೂಕಿದರೆ ಹೆಚ್ಚು ಬ್ರೇಕು. ಬ್ರೇಕು ಹಿಡಿಯಲು ತಂತಿ ಬೇಕಿಲ್ಲ. ನೀರಿಗೆ ಇಳಿಸುವ ದೋಣಿ ಟ್ರೇಲರುಗಳಲ್ಲಿ ಇದು ಬಹಳ ಬಳಕೆಯಲ್ಲಿರುವುದಕ್ಕೆ ಅದೇ ಒಂದು ಕಾರಣ. ವಿದ್ಯುತ್ ಬ್ರೇಕಿಗೆ ನೀರು ಶತ್ರು.

ಆದರೆ ಹಿಂದಕ್ಕೆ ಹೋಗುವಾಗ ಒಂದು ತೊಡಕು. ರಿವರ್ಸ್ ಹಾಕಿದಾಗಲೂ ತೋಳು ಒಳಸರಿಯುತ್ತದೆ, ಬ್ರೇಕು ಹಿಡಿದುಬಿಡುತ್ತದೆ. ಇದನ್ನು ತಪ್ಪಿಸಲು ದೋಣಿ ಟ್ರೇಲರುಗಳಲ್ಲಿ ನಾಲ್ಕು ತಂತಿಗಳ ಜೊತೆಗೆ ಐದನೆಯದೊಂದನ್ನು ಎಳೆಯುತ್ತಾರೆ. ಅದು ರಿವರ್ಸ್ ದೀಪದ ತಂತಿಯಿಂದ ಹೊರಟು ಟ್ರೇಲರಿನ ಒಂದು ವಿದ್ಯುತ್ ಕವಾಟಕ್ಕೆ ಸೇರುತ್ತದೆ. ರಿವರ್ಸ್ ಹಾಕಿದಷ್ಟು ಹೊತ್ತು ಕವಾಟ ಎಣ್ಣೆಯ ದಾರಿಯನ್ನು ಮುಚ್ಚುತ್ತದೆ, ಬ್ರೇಕು ಹಿಡಿಯುವುದಿಲ್ಲ. ಬ್ರೇಕುಳ್ಳ ಟ್ರೇಲರನ್ನು ಕೊಳ್ಳುವವರು ಹಿಂದಕ್ಕೆ ಹೋಗುವಾಗ ಬ್ರೇಕನ್ನು ಬಿಡಿಸುವುದು ಹೇಗೆ ಎಂದು ಮೊದಲೇ ಕೇಳಬೇಕು. ಇಲ್ಲವಾದರೆ ಕಾರಖಾನೆಯ ಅಂಗಳದಲ್ಲಿ ತೊಂದರೆಯಾಗುತ್ತದೆಂದು ಚಾಲಕನು ಬ್ರೇಕನ್ನೇ ಕಟ್ಟಿಹಾಕಿ, ಕಾಯಮ್ಮಾಗಿ ನಿರುಪಯೋಗಿ ಮಾಡಿಬಿಡುತ್ತಾನೆ.

ಈ ಬ್ರೇಕಿಗೆ ಮಿತಿಗಳೂ ಇವೆ. ಚಾಲಕ ತಾನಾಗಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯಲಾರ. ಉದ್ದ ಇಳಿಜಾರಿನಲ್ಲಿ ಟ್ರೇಲರು ನೂಕುತ್ತಲೇ ಇರುವುದರಿಂದ ಡ್ರಮ್ಮು ಕಾಯುತ್ತದೆ. ನಿಂತ ಟ್ರೇಲರನ್ನು ಅದು ಹಿಡಿಯುವುದಿಲ್ಲ. ಬೇರೆ ಹ್ಯಾಂಡ್‌ಬ್ರೇಕು ಅಥವಾ ಗಾಲಿಗೆ ಅಡ್ಡ ಕಟ್ಟಿಗೆ ಬೇಕು. ಹುಕ್ಕು ಬಿಚ್ಚಿಕೊಂಡರೆ ಟ್ರೇಲರು ಓಡಿಹೋಗದಂತೆ ಗಟ್ಟಿಯಾದ ಸುರಕ್ಷತಾ ಸರಪಳಿಯನ್ನು ಹಾಕಲೇಬೇಕು.

ಟ್ರ್ಯಾಕ್ಟರಿನ ಬ್ರೇಕಿನ ಬಗೆಗೂ ಒಂದು ಮಾತು. ಹೊಲದಲ್ಲಿ ತಿರುಗಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡ, ಬಲ ಎಂದು ಎರಡು ಬ್ರೇಕು ಪೆಡಲುಗಳಿರುತ್ತವೆ. ರಸ್ತೆಗೆ ಇಳಿಯುವ ಮುನ್ನ ಅವೆರಡನ್ನೂ ಚಿಲಕದಿಂದ ಕೂಡಿಸಬೇಕು. ಕೂಡಿಸದೆ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಒಂದು ಬದಿಗೆ ಸೆಳೆಯುತ್ತದೆ. ಬ್ರೇಕು ದೀಪದ ಸ್ವಿಚ್ಚು ಒಂದೇ ಪೆಡಲಿಗೆ ಇದ್ದರೆ, ಇನ್ನೊಂದನ್ನು ಒತ್ತಿದಾಗ ಹಿಂದೆ ದೀಪವೂ ಉರಿಯುವುದಿಲ್ಲ.

ಹಂಗಾಮಿಗೆ ಮುನ್ನ ಐದು ನಿಮಿಷದ ಪರೀಕ್ಷೆ

ಪ್ರತಿ ಸಂಜೆ ಹೊರಡುವ ಮುನ್ನ ಈ ಪರೀಕ್ಷೆ ಮಾಡಬೇಕು. ಟ್ರ್ಯಾಕ್ಟರನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ, ಗಾಲಿಗೆ ಅಡ್ಡ ಕೊಟ್ಟು, ಎಂಜಿನ್ ಆರಿಸಿ ಚಾವಿಯನ್ನು ಮಾತ್ರ ತಿರುಗಿಸಿಡಬೇಕು. ಒಬ್ಬರು ಮೇಲೆ ಕುಳಿತು ಒಂದೊಂದೇ ಸ್ವಿಚ್ಚು ಹಾಕುತ್ತ ಹೋಗಬೇಕು: ಹಿಂದೀಪ, ಎಡ, ಬಲ, ಬ್ರೇಕು. ಕೊನೆಗೆ ಹಿಂದೀಪ, ಇಂಡಿಕೇಟರ್, ಬ್ರೇಕು ಮೂರನ್ನೂ ಒಟ್ಟಿಗೆ. ಒಂದೊಂದಾಗಿ ಸರಿಯಿದ್ದದ್ದು ಒಟ್ಟಿಗೆ ಹಾಕಿದಾಗ ಮಂಕಾದರೆ ಬಿಳಿ ತಂತಿಯಲ್ಲಿ ದೋಷವಿದೆ. ಇನ್ನೊಬ್ಬರು ಟ್ರೇಲರಿನ ಹಿಂದೆ, ಬದಿಗೆ ಸರಿದು ನಿಂತು ನೋಡಿ ಹೇಳಬೇಕು. ಮನೆಯ ಮಕ್ಕಳು ಈ ಕೆಲಸವನ್ನು ಉತ್ಸಾಹದಿಂದ ಮಾಡುತ್ತಾರೆ. ಆದರೆ ಟ್ರ್ಯಾಕ್ಟರು ಮತ್ತು ಟ್ರೇಲರಿನ ನಡುವೆ ಅವರನ್ನು ಎಂದೂ ನಿಲ್ಲಿಸಕೂಡದು.

ದಾರಿಯಲ್ಲಿ ವಾಹನ ಕೆಟ್ಟರೆ ಅದನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಬೇಕು. ಆಗದಿದ್ದರೆ ಪ್ರತಿಫಲಿಸುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಗಾಲಿಗೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯ ಮೇಲೆಯೇ ಬಿಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಆ ಕಲ್ಲು ಮುಂದೆ ಬರುವ ಬೈಕಿನವನ ಪಾಲಿಗೆ ಎರಡನೆಯ ಅಪಘಾತ.

ಮಕ್ಕಳಿಗೆ ಹೇಳಬೇಕಾದದ್ದು

ಸಾಗುವ ಟ್ರೇಲರಿನಿಂದ ಕಬ್ಬು ಜಗ್ಗುವುದು ನಮ್ಮ ಹಳ್ಳಿಗಳಲ್ಲಿ ಆಟದಂತೆ ನಡೆದುಬಂದಿದೆ. ಬಿಗಿದ ಹೊರೆಯಿಂದ ಕಬ್ಬು ಒಮ್ಮೆಲೇ ಕಿತ್ತು ಬಂದರೆ ಮಗು ಹಿಂದಕ್ಕೆ ಬೀಳುತ್ತದೆ. ಬರದಿದ್ದರೆ ಗಾಲಿಯತ್ತ ಸೆಳೆಯಲ್ಪಡುತ್ತದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಚಾಲಕನಿಗೆ ಕೂಗು ಕೇಳುವುದಿಲ್ಲ, ಕೇಳಿದರೂ ಆ ಭಾರವನ್ನು ಥಟ್ಟನೆ ನಿಲ್ಲಿಸಲಾಗದೆಂಬುದನ್ನು ಮೇಲಿನ ಲೆಕ್ಕ ಹೇಳಿದೆ. ಎರಡು ಟ್ರೇಲರುಗಳ ನಡುವಿನ ಸಂದಿಯಲ್ಲಿ ನುಸುಳಿ ರಸ್ತೆ ದಾಟುವುದು, ತೋಳಿನ ಮೇಲೆ ಕುಳಿತು ಸವಾರಿ ಮಾಡುವುದು ಇನ್ನೂ ಅಪಾಯಕರ. ತಿನ್ನಲು ಕಬ್ಬು ಬೇಕಾದರೆ ಹೊಲದಲ್ಲಿಯೇ ಮುರಿದು ಕೊಡೋಣ. ಸೈಕಲ್ಲಿನ ಹಿಂಬದಿಗೂ ಶಾಲಾ ಚೀಲಕ್ಕೂ ಒಂದೊಂದು ಪ್ರತಿಫಲಿಸುವ ಪಟ್ಟಿ ಅಂಟಿಸೋಣ.

ನಮ್ಮ ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿಯೂ ಒಂದು ವಿನಂತಿ. ಓಮ್‌ನ ನಿಯಮ, ಜಡತ್ವ, ಬೆಳಕಿನ ಪ್ರತಿಫಲನ ಮೂರೂ ಪಾಠಗಳು ಒಂದೇ ಟ್ರೇಲರಿನಲ್ಲಿ ಸಿಗುತ್ತವೆ. ಒಂದು ಹಲಗೆ, 12 ವೋಲ್ಟಿನ ಬ್ಯಾಟರಿ, ಏಳು ಪಿನ್ನಿನ ಒಂದು ಪ್ಲಗ್ ಮತ್ತು ಸಾಕೆಟ್, ಕೆಲವು ಬಲ್ಬುಗಳು, ತೆಳು ಮತ್ತು ದಪ್ಪ ತಂತಿಯ ಎರಡು ಸುರುಳಿಗಳು ಸಾಕು. ತೆಳು ತಂತಿಯಲ್ಲಿ ಮಂಕಾದ ಬಲ್ಬು ದಪ್ಪ ತಂತಿಯಲ್ಲಿ ಬೆಳಗುವುದನ್ನು ಕಣ್ಣಾರೆ ಕಂಡ ಹುಡುಗ ಅಥವಾ ಹುಡುಗಿ ಮನೆಗೆ ಹೋಗಿ ಅಪ್ಪನ ಟ್ರೇಲರಿನ ಬಿಳಿ ತಂತಿಯನ್ನು ಹುಡುಕದೆ ಇರಲಾರರು. ಕನ್ನಡದಲ್ಲಿ ಕಲಿತ ವಿಜ್ಞಾನ ನಾಳೆ ಐಟಿಐಯಲ್ಲಿ, ಗ್ಯಾರೇಜಿನಲ್ಲಿ ಮರಾಠಿಯಲ್ಲಿ ಕೇಳುವ ಮಾತಿಗೆ ಹೊಂದಿಕೊಳ್ಳಲು ಇಂತಹ ಕೈಗೆಲಸವೇ ಸೇತುವೆ.

ಕಬ್ಬು ಕಾರಖಾನೆ ಸೇರುವ ಆತುರ ರೈತನಿಗೆ, ಖೇಪು ಹೆಚ್ಚಿಸುವ ಆತುರ ಚಾಲಕನಿಗೆ ಇರುವುದು ಸಹಜ. ಆದರೆ ಕೆಲವು ಮೀಟರ್ ತಂತಿ, ಒಂದು ಪ್ಲಗ್, ನಾಲ್ಕು ದೀಪಗಳಿಗೆ ಆಗುವ ಖರ್ಚು ಒಂದು ಟ್ರೇಲರ್ ಟೈರಿನ ಬೆಲೆಯನ್ನೂ ಮುಟ್ಟುವುದಿಲ್ಲ. ಈ ಸಲದ ಹಂಗಾಮಿನಲ್ಲಿ ನಮ್ಮ ಹೊಲದಿಂದ ಹೊರಡುವ ಪ್ರತಿ ಟ್ರೇಲರಿನ ಬೆನ್ನಲ್ಲಿ ಎರಡು ಕೆಂಪು ದೀಪಗಳು ಉರಿಯುತ್ತಿವೆಯೇ ಎಂದು ನೋಡಿದ ನಂತರವೇ ಅದನ್ನು ರಸ್ತೆಗೆ ಬಿಡೋಣ.